ಫೀ ಮುಶ್ಕಿಲ್

ಶುಕ್ರವಾರ. ಬೆಳಗಿನ ಆರೂವರೆ. ಸಖೀರಿನ ಟ್ರ್ಯಾಕಿನ ಗೇಟು.
ಹದಿನೇಳು ಹಳೆಯ ಜಪಾನೀ ಕಾರು ಸಾಲಾಗಿ ಒಳಗೆ ಹೋದವು.
ರಾತ್ರಿಯ ಗಾಳಿ ಡಾಂಬರಿನ ಮೇಲೆ ಎರಚಿದ ಮರಳನ್ನು
ಒಬ್ಬ ಬಂಗಾಳಿ ಹುಡುಗ ಇನ್ನೂ ಗುಡಿಸುತ್ತಿದ್ದ.

ಕ್ಲಬ್ಬಿನವರು ನನ್ನನ್ನೂ ಕರೆದಿದ್ದರು:
‘ಉಸ್ತಾದ್, ನೀನು ಬಣ್ಣ ಹೊಡೆದದ್ದು ಓಡುವುದನ್ನು
ಒಮ್ಮೆಯಾದರೂ ಬಂದು ನೋಡು ಮಾರಾಯ.’
ಹೀಗೆ ಕನ್ನಡದಲ್ಲಿ ಅಂದದ್ದು ಕ್ರಾಸ್ತಾ. ಒಂದು ಟೊಪ್ಪಿಯನ್ನೂ ಕೊಟ್ಟರು.

ಮುಖ ಕಂಡರೆ ನನಗೆ ಮಾಲೀಕರ ನೆನಪಾಗುವುದಿಲ್ಲ,
ಬಾಗಿಲು ಮುಟ್ಟಿದರೆ ಆಗುತ್ತದೆ.
ಈ ಬೆಳ್ಳಿಯದು ಮನಾಮಾದ ಪಾರ್ಕಿಂಗ್ ಕಂಬ, ಎರಡು ಕೋಟು ಪುಟ್ಟಿ.
ಆ ಹಳದಿಯದನ್ನು ಗೀರಿದ್ದು ಮಗನ ಸೈಕಲ್ಲು,
ಬೈಸಿಕೊಂಡದ್ದು ಮನೆಯ ಡ್ರೈವರು.
ಕೊನೆಗೆ ನಿಂತದ್ದು ನೀಲಿ.

ನೀಲಿಯನ್ನು ಮುಟ್ಟಲಿಲ್ಲ.

ಮೂರು ವರ್ಷದ ಹಿಂದೆ, ಸಲ್ಮಾಬಾದಿನ ಶೆಡ್ಡು, ರಂಜಾನಿನ ರಾತ್ರಿ.
ಶಟರು ಅರ್ಧ ಎಳೆದಿತ್ತು.
ಮೂತಿ ಜಜ್ಜಿದ್ದು ಒಂದು, ಬೆನ್ನು ನುಜ್ಜಾದದ್ದು ಇನ್ನೊಂದು,
ಎರಡನ್ನೂ ನಡುವಿಗೆ ಕೊಯ್ದು ಒಂದು ಮಾಡು ಅಂದ ಅರ್ಬಾಬ್.
ಮಾಡಿದೆ. ಸಹರಿಯ ಹೊತ್ತಿಗೆ ಬೆಸುಗೆ ಆರಿತ್ತು.
ಅದರ ಮೇಲೆ ಪ್ರೈಮರು, ಪ್ರೈಮರಿನ ಮೇಲೆ ನೀಲಿ,
ನೀಲಿಯ ಮೇಲೆ ನನ್ನ ಬಾಯಿಯ ಬೀಗ.

ಮುನೀರಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.
ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ರಾತ್ರಿಪಾಳಿಯ ದಿನಾರು
ಕೂಡಿಟ್ಟು ಕೊಂಡ ಗಾಡಿ.
ಊರವರ ಮೂಳೆಯೆಲ್ಲ ಕಂಡವಳಿಗೆ
ತನ್ನ ಕಾರಿನ ಬೆನ್ನೆಲುಬು ಕಂಡಿರಲಿಲ್ಲ.

ಒಂದು ಸುತ್ತು ಹೋಗಿ ಬಂದಳು. ಎರಡು.
ನನ್ನೆದುರು ನೀಲಿ ಗೀಚಿಕೊಂಡು ಹೋಗುವಾಗ
ಗಂಗೊಳ್ಳಿಯ ಬಂದರು ನೆನಪಾಯಿತು. ದೋಣಿಯ ತಳಕ್ಕೆ ಫೈಬರ್ ಹಚ್ಚುತ್ತಿದ್ದ ಕಾಲ.
ದುಗ್ಗಪ್ಪ ಖಾರ್ವಿ ಬೀಡಿ ಕಚ್ಚಿಕೊಂಡೇ ಹೇಳುತ್ತಿದ್ದ:
‘ತೇಪೆ ಹಾಕಿದವನೇ ಮೊದಲು ಕಡಲಿಗಿಳಿಯಬೇಕು.’

ಪಕ್ಕದ ಸೀಟು ತೋರಿಸಿದೆ. ನಕ್ಕು ಬಾಗಿಲು ತೆರೆದಳು.

ಉದ್ದ ದಾರಿಯಲ್ಲಿ ಮುಳ್ಳು ಇನ್ನೂರು ಮುಟ್ಟಿತಂತೆ.
ನಾನು ಮುಳ್ಳು ನೋಡಲಿಲ್ಲ. ಕಾಲ ಬುಡ ನೋಡಿದೆ,
ಮ್ಯಾಟಿನಡಿ, ಅಲ್ಲೇ ಆ ಗೆರೆ.
ಮೊದಲ ತಿರುವಿಗೆ ಬ್ರೇಕು:
ಹೊಟ್ಟೆ ಮುಂದೆ ಹೋಯಿತು, ನಾನು ಹಿಂದುಳಿದೆ.
ಅಂಚಿನ ಕೆಂಪು ಬಿಳಿ ಪಟ್ಟಿ ಹತ್ತಿದಾಗ ಢಬ ಢಬ ಢಬ.
ಅರುವತ್ತೆರಡು ಟಾಕಿ ಹಾಕಿದ್ದೆ, ಒಂದೊಂದೇ ಎಣಿಸಿದೆ.
ಮೂವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಒಂದರಿಂದ.
ಅವಳು ಹೆಲ್ಮೆಟ್ಟಿನೊಳಗೆ ಏನೋ ಗುನುಗುತ್ತಿದ್ದಳು.

ಎಂಜಿನ್ ಆರಿಸಿದಳು. ಕಬ್ಬಿಣ ತಣಿಯುವ ಟಿಕ್ ಟಿಕ್.

ನನ್ನದು ಗ್ಯಾರೇಜಿನ ಅರಬಿ.
ಹದಿನಾಲ್ಕು ವರ್ಷದಲ್ಲಿ ‘ಮಾಫಿ ಮುಶ್ಕಿಲ್’, ತೊಂದರೆಯೇ ಇಲ್ಲ,
ಎಂದು ಎಷ್ಟು ಸಲ ಅಂದಿದ್ದೇನೋ.
ಆ ‘ಮಾ’ ಕಿತ್ತು ಹೇಳಿ ಅಭ್ಯಾಸವಿಲ್ಲ.
‘ಫೀ ಮುಶ್ಕಿಲ್,’ ಅಂದೆ.
ಮಿಕ್ಕದ್ದನ್ನು ಕೈ ಹೇಳಿತು: ಎರಡು ಬೆರಳು, ಒಂದು ಕತ್ತರಿ,
ಮತ್ತೆ ಒಂದೇ ಬೆರಳು.

ಜಾಕು ಬಂತು. ಮ್ಯಾಟು ಎದ್ದಿತು. ಫಿಲಿಪೀನಿನ ಅರ್ನೆಲ್ ಉಗುರಿನಿಂದ ಬಣ್ಣ ಕೆರೆದ.
ಏಳೆಂಟು ಮೊಬೈಲಿನ ಬೆಳಕು, ಯಾರ ಬಾಯಲ್ಲೂ ಮಾತಿಲ್ಲ.
ಹಳದಿಯ ಮಾಲೀಕ ಮೆಲ್ಲಗೆ ಹಿಂದೆ ಸರಿದು
ತನ್ನ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ.

ಮುನೀರಾ ಕಾದ ಕಾಂಕ್ರೀಟಿನ ಮೇಲೆ ಅಂಗಾತ ಮಲಗಿ
ಆ ಗೆರೆಯ ಉದ್ದಕ್ಕೂ ಬೆರಳೆಳೆದಳು,
ಫಿಲ್ಮು ಬೆಳಕಿಗೆ ಹಿಡಿದು ನೋಡುವವಳಂತೆ, ತುಂಬ ಹೊತ್ತು.
‘ಕೂಡಿದೆ,’ ಅಂದಳು. ‘ಚೆನ್ನಾಗಿ ಕೂಡಿದೆ.’
ಸಿಟ್ಟೋ ಅಲ್ಲವೋ ತಿಳಿಯದ ದನಿ.
‘ಯಾರ ಕೈ ಇದು?’

ಟೊಪ್ಪಿ ತೆಗೆದೆ.
ಹೇಳುವ ಮೊದಲು, ದೇವರಾಣೆ, ಒಂದೇ ಒಂದು ಗಳಿಗೆ
ನನಗೆ ಹೆಮ್ಮೆಯಾಯಿತು.