ಹತ್ತಿಯ ಉಂಡೆ

ತಾರ್ತುವಿನಲ್ಲಿ ನವೆಂಬರ್. ಬೆಳಿಗ್ಗೆ ಎಂಟೂವರೆಯಾದರೂ
ಕಿಟಕಿಗಿನ್ನೂ ಬೆಳಕು ಅಂಟಿಲ್ಲ.
ಖಾಲಿ ಹೊಟ್ಟೆಯಲ್ಲಿ ಬಂದಿದ್ದಾನೆ ಉರ್ಮಸ್, ಬಸ್ ಓಡಿಸುವವನು.
ಅಂಗಿತೋಳು ಮಡಚಿ ಕೈ ಚಾಚುತ್ತಾನೆ,
ಇವತ್ತು ತಾನೇ ಟಿಕೆಟ್ಟು ತೋರಿಸುವವನಂತೆ.
ಪ್ರಶ್ನೆಪತ್ರದಲ್ಲಿ 'ಕಳೆದ ಎರಡು ವಾರ' ಎಂದಿದ್ದಲ್ಲಿ
'ವಾರ' ಹೊಡೆದುಹಾಕಿ 'ಚಳಿಗಾಲ' ಎಂದು ಬರೆದಿದ್ದಾನೆ.

ನರ ಸಿಗುವುದಿಲ್ಲ. ಎರಡು ಸಲ ತಟ್ಟುತ್ತೇನೆ.
'ಏನು ಹುಡುಕುತ್ತೀರಿ ಇದರಲ್ಲಿ?'
ಒಂದು ಪ್ರೋಟೀನು, ಉರಿಯೂತದ ಒಂದು ಸುಳಿವು,
ಏನೋ ಒಂದು. ನಿಜ ಹೇಳಬೇಕೆಂದರೆ ಇನ್ನೂ ಗೊತ್ತಿಲ್ಲ.

'ಅಪ್ಪನಿಗೆ ಸಕ್ಕರೆ ಕಾಯಿಲೆ. ಚೀಟಿಯಲ್ಲಿ ಅಂಕಿ ಬಂದದ್ದೇ
ಮನೆಮಂದಿಯೆಲ್ಲ ಅವನ ಬ್ರೆಡ್ಡು ತೂಗಿದರು.
ನನಗೆ ಅನ್ನುತ್ತಾರೆ, ಎದ್ದು ಮುಖ ತೊಳೆದುಕೋ.
ನನಗೂ ಒಂದು ಅಂಕಿ ಸಿಕ್ಕರೆ
ತಂಗಿ ಪಿರೆಟಳ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬರುತ್ತೇನೆ.'

ನಳಿಗೆ ತುಂಬುತ್ತದೆ. ಬಗ್ಗಿ ನೋಡುತ್ತಾನೆ.
'ಇನ್ನೂ ಇಷ್ಟು ಕೆಂಪಗಿದೆಯಾ?'
ಬೂದಿ ಬಣ್ಣಕ್ಕೆ ತಿರುಗಿರಬೇಕು ಅಂದುಕೊಂಡಿದ್ದನಂತೆ.

ಕೆಳಗಡೆ, ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ
ಇವನು ನಾನ್ನೂರ ಹದಿನೇಳು.
ಪಕ್ಕದಲ್ಲೇ ಆರೋಗ್ಯವಂತರು. ಗಿರ್ರನೆ ತಿರುಗಿಸಿ ತೆಗೆದರೆ
ಎಲ್ಲರದೂ ಅದೇ ತೆಳು ಹಳದಿ.
ಹೋದ ವರ್ಷದ ಗ್ರಾಫಿನಲ್ಲಿ ಎರಡು ಗುಂಪೂ
ಚಳಿಗೆ ನಾಯಿಮರಿಗಳಂತೆ
ಒಂದರ ಮೇಲೊಂದು ಬಿದ್ದುಕೊಂಡಿದ್ದವು.
ಅದನ್ನು ಅವನಿಗೆ ಹೇಳುವುದಿಲ್ಲ.

ರಕ್ತ ನಿಂತು ಎಷ್ಟೋ ಹೊತ್ತಾಯಿತು.
ಹತ್ತಿ ಒತ್ತಿಕೊಂಡೇ ಕೂತಿದ್ದಾನೆ,
ಒತ್ತಿ ಹಿಡಿಯಿರಿ ಎಂದೆನಲ್ಲ, ಅಷ್ಟಕ್ಕೇ.
ಮುಂದಿನವರನ್ನು ಕರೆಯುವುದಿಲ್ಲ ನಾನು,
ಇನ್ನೆರಡು ನಿಮಿಷ.