ಕೇಳದವಳಿಗೆ ಕೇಳಿಸಿದ್ದು

ಒಂಬತ್ತು ವರ್ಷ ನಾನು ಅವಳ ಟೈಪಿಸ್ಟು.
ಲಿಯೋಟಾ ಹಾರ್ಕ್‌ನೆಸ್ ಹೇಳುವಳು, ನಾನು ಕುಟ್ಟುವೆ.
ಹೇಳಿದ್ದಕ್ಕಿಂತ ಹೊಡೆದುಹಾಕಿಸಿದ್ದೇ ಹೆಚ್ಚು.
ಸ್ಟುಡಿಯೋದ ಹಿಂದೆ, ಬಡಗಿಗಳ ಶೆಡ್ಡಿನ ಮೇಲೆ ನಮ್ಮ ಕೋಣೆ;
ಗರಗಸ ನಿಂತರೆ ಮಾತ್ರ ವಾಕ್ಯ ಮುಗಿಯುತ್ತಿತ್ತು.

ನಾಲ್ಕಕ್ಕೇ ಬಣ್ಣ ಹಚ್ಚಿದವಳು.
ನ್ಯೂಜೆರ್ಸಿಯಲ್ಲಿ, ಗಾಜಿನ ಮಾಡಿನ ಕೆಳಗೆ,
ಹನ್ನೊಂದು ಸಲ ಸತ್ತಳು:
ಕ್ಷಯಕ್ಕೆ ನಾಲ್ಕು, ಹಿಮಕ್ಕೆ ಎರಡು, ರೈಲಿಗೊಂದು,
ಉಳಿದದ್ದೆಲ್ಲ ಬರೀ ಬಡತನಕ್ಕೆ.
ಹುಡುಗರು ಸಾಲದಿದ್ದರೆ ಜಡೆ ಟೋಪಿಯೊಳಗೆ ತುರುಕಿ
ಪೇಪರ್ ಮಾರುವ ಹುಡುಗನೂ ಆದಳು.
ವಾರಕ್ಕೆ ಹದಿನೈದು ಡಾಲರು,
ಮನೆ ಬಾಡಿಗೆ, ತಮ್ಮನ ಬೂಟು, ಅಪ್ಪನ ಬಾಟಲಿ
ಎಲ್ಲ ಅದರಲ್ಲೇ.

ಅಳಿಸಬೇಕಾದಾಗ ನಿರ್ದೇಶಕ ತಗಡಿನ ತುತ್ತೂರಿಯಲ್ಲಿ
"ನಿನ್ನ ನಾಯಿ ಸತ್ತುಹೋಯ್ತು" ಎಂದು ಕೂಗುವನಂತೆ.
ನಮ್ಮನೇಲಿ ನಾಯಿಯೇ ಇರಲಿಲ್ಲ,
ಅದಕ್ಕೇ ಅಳು ಬಂತು, ಎನ್ನುವಳು.

ತಾಯಿ ಆರ್ವಿಲ್ಲಾಗೆ ಕಿವಿ ಕೇಳದು.
ಗುರುವಾರದ ಮ್ಯಾಟಿನಿಗೆ ಐದು ಸೆಂಟು ತೆತ್ತು
ತನ್ನಂಥವರೇ ಕೂರುವ ಮೂರನೇ ಸಾಲಿನಲ್ಲಿ ಕೂರುವಳು.
ಪಿಯಾನೋ ಶೋಕ ಹಿಂಡುತ್ತಿರಲು
ಇಡೀ ಥಿಯೇಟರು ಮೂಗು ಒರೆಸಿಕೊಳ್ಳುವಾಗ
ಆ ಸಾಲು ಮಾತ್ರ ಬಿದ್ದು ಬಿದ್ದು ನಗುತ್ತಿತ್ತು.
ಪರದೆಯ ಅಕ್ಷರ: "ಅಮ್ಮಾ, ದೇವತೆಗಳು ಬಂದರು."
ಮಗುವಿನ ತುಟಿ: "ಈ ಡಾಕ್ಟರ ಬಾಯಿ ಈರುಳ್ಳಿ ನಾರುತ್ತೆ."
ಮನೆಗೆ ಬಂದು ಕೈಯಾಡಿಸಿ ಬೈಯುವಳು ಅಮ್ಮ,
ಸಾಯುವಾಗಲಾದರೂ ಮರ್ಯಾದೆಯಿಂದ ಮಾತಾಡೇ!
ಬೈದು, ಮತ್ತೆ ನಗುವಳು.

ಆಮೇಲಿನ ಪ್ರತಿ ಸಾವಿನಲ್ಲೂ
ಒಂದು ಸಾಲು ಅಮ್ಮನಿಗೆಂದೇ.
ಬೂಟು ಕಚ್ಚುತ್ತಿದೆ. ಬಾಡಿಗೆ ಕೊಟ್ಟೆಯಾ?
ಇವತ್ತು ಬೇಗ ಬರ್ತೀನಿ, ಆಲೂಗಡ್ಡೆ ಬೇಯಿಸಿಡು.
ಆರು ವಾರ ತಡವಾಗಿ ತಲುಪುವ ಕಾಗದ.
ಅವಳು ಬರೆದ ಮೊದಲ ಚಿತ್ರಕಥೆ ಅದೇ,
ಯಾರೂ ದುಡ್ಡು ಕೊಡಲಿಲ್ಲ.

ಮೊಣಕಾಲು ಉದ್ದವಾದವು.
ಹದಿಮೂರಕ್ಕೆ, ಇನ್ನು ಬೇಡ, ಅಂದರು.
ಫಲಕ ಬರೆಯುವವರ ಕೋಣೆಯಲ್ಲಿ ಶಾಯಿ ತುಂಬಿಸುತ್ತ
ಹನ್ನೆರಡು ಪದದಲ್ಲಿ ಒಂದು ಮದುವೆ ಮುರಿಯುವುದು ಕಲಿತಳು.
ಕಂಪನಿ ಕ್ಯಾಲಿಫೋರ್ನಿಯಾಕ್ಕೆ ಗಂಟುಮೂಟೆ ಕಟ್ಟಿದಾಗ
ಅಮ್ಮನನ್ನೂ ಕಟ್ಟಿಕೊಂಡು ಹೋದಳು.

ಆಮೇಲೆ ಪರದೆಗೆ ಬಾಯಿ ಬಂತು.
ಮೈಕು ಹೂಕುಂಡದಲ್ಲಿ;
ನಟರು ಹೂವಿಗೆ ಮಾತಾಡಿದರು, ನಮಗೆ ಬೆನ್ನು ಹಾಕಿ.
ಫಲಕಗಳು ಹೋದವು. ಮೂರನೇ ಸಾಲೂ ಹೋಯಿತು.
ಮಗಳ ಹೆಸರು ಮೊದಲ ಸಲ ಪರದೆಗೆ ಬಂದ ರಾತ್ರಿ
ಆರ್ವಿಲ್ಲಾ ಹೆಸರನ್ನು ಓದಿದಳು,
ಉಳಿದದ್ದಕ್ಕೆಲ್ಲ ಮೊಣಕೈ ತಿವಿದಳು: ಏನಂತೆ?
ಕತ್ತಲಲ್ಲಿ ಮಗಳ ಕೈ ಕಾಣಲಿಲ್ಲ.

ಇದನ್ನು ಲಿಯೋಟಾ ಹೇಳಿದ್ದು ಒಂದೇ ಸಲ,
ರಿಬ್ಬನ್ನು ಬದಲಾಯಿಸುವಾಗ.
ಆದರೆ ನನ್ನ ಪುಟಗಳ ಅಂಚಿನ ತುಂಬ ನೇರಳೆ ಪೆನ್ಸಿಲ್ಲು:
ಮುಖ ಈ ಕಡೆ.
ದೀಪದ ಹತ್ತಿರ ನಿಂತು ಹೇಳಲಿ.
ಇದು ಕಣ್ಣಿಗೇ ತಿಳಿಯುತ್ತೆ, ಹೊಡಿ.
ನಿರ್ಮಾಪಕ ವೈಸ್‌ಕಾಫ್ ಸಿಗಾರು ಕಡಿಯುವನು:
ನಾನು ಸಂಬಳ ಕೊಡೋದು ಮಾತಿಗಮ್ಮಾ.
ಸರಿ, ಮೌನ ಬಿಟ್ಟಿ, ಇಟ್ಟುಕೊ, ಎನ್ನುವಳು.

ತಾಯಿಯನ್ನು ಮಣ್ಣು ಮಾಡಿ ಬಂದ ಸೋಮವಾರ
ಆಸ್ಪತ್ರೆಯ ದೃಶ್ಯ ಬಾಕಿಯಿತ್ತು.
ಕೋಟು ಕೂಡ ತೆಗೆಯದೆ ಶುರುಮಾಡಿದಳು.
ಮಗಳು ಮಂಚದ ಬಳಿ. ಕಿಟಕಿಯ ಬೆಳಕು. ಹೇಳುತ್ತಾಳೆ,
ಅಲ್ಲಿಂದ ಮುಂದೆ ಬರೀ ತುಟಿ ಆಡಿತು.
ಉದ್ದದ ಮಾತು. ನಡುವೆ ಒಮ್ಮೆ ನಕ್ಕಳು ಕೂಡ.
ಪಾತ್ರದ ಹೆಸರು ಕುಟ್ಟಿ, ಹತ್ತೂ ಬೆರಳು ಕೀಲಿಗಳ ಮೇಲಿಟ್ಟು
ಕಾದೆ, ಕಿವಿ ಚೆನ್ನಾಗಿರುವ ನಾನು.
ಕೆಳಗೆ ಗರಗಸ ಆಗಲೇ ನಿಂತಿತ್ತು.