ನೂರು ಎಣಿಸಿ

ವುಚ್ ಠಾಣೆಯ ನಕ್ಷೆಯಲ್ಲಿ
ನವೆಂಬರಿಗೆ ಹನ್ನೊಂದು ಗುಂಡುಸೂಜಿ.
ಪಿಂಚಣಿ ಬಂದ ಮರುದಿನ, ಹತ್ತೂವರೆಯ ಸುಮಾರು,
ಲಿಫ್ಟಿಲ್ಲದ ಕಟ್ಟಡ, ಎಂಬತ್ತು ದಾಟಿದ ಹೆಂಗಸು.
ಇಷ್ಟು ಗೊತ್ತು ನನಗೆ. ಹನ್ನೆರಡನೆಯದು
ಗೆನೊವೆಫಾ ಅವರ ಅಡಿಗೆಮನೆ.

‘ಪೈಪು ನೋಡಬೇಕು ಅಂದರು.
ನಲ್ಲಿ ತಿರುಗಿಸಿ ಹಿಡಿದಿರಿ, ನೂರು ಎಣಿಸಿ ಅಂದ ಒಬ್ಬ.
ಇನ್ನೊಬ್ಬ ಒಳಗೆ ಹೋದ.
ನೂಲಿನ ಗಿರಣಿಯವಳು ನಾನು, ಲೆಕ್ಕ ತಪ್ಪಿದವಳಲ್ಲ.
ಮುನ್ನೂರಕ್ಕೆ ಕೈ ಮರಗಟ್ಟಿತು.’

ಬಾಗಿಲು ಯಾಕೆ ತೆಗೆದಿರಿ?

‘ಮ್ಯಾಟಿಗೆ ಬೂಟು ಒರೆಸಿಕೊಂಡ.
ನನ್ನ ಗಂಡ ಒಂದು ದಿನ ಒರೆಸಿದವನಲ್ಲ.’

ನನ್ನ ತಖ್ತೆಯಲ್ಲಿ ಇದಕ್ಕೆ ಕಾಲಂ ಇಲ್ಲ.
ಹಿಟ್ಟಿನ ಡಬ್ಬಿ, ಒಂಬತ್ತು ಸಾವಿರ ಜ್ಲೋಟಿ, ಬರೆದುಕೊಂಡೆ.
ಎದ್ದಾಗ ಕಂಡಿತು:
ಹೊಸ್ತಿಲಿನಿಂದ ಕುರ್ಚಿಯವರೆಗೂ
ನನ್ನ ಬೂಟಿನ ಕೆಸರು.